ಕಾವಲಿ ಆರದ ಹೋಟೆಲುಗಳು

"ಎಲ್ಲಾ ಚೆನ್ನಾಗಿದೆ, ಆದ್ರೆ ಹೋಟೆಲ್ ದೋಸೆ ಥರ ಬರ್ಲಿಲ್ಲ." ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಭಾನುವಾರದ ತಿಂಡಿ ಈ ಮಾತಿಲ್ಲದೆ ಮುಗಿಯುವುದಿಲ್ಲ. ಅಕ್ಕಿ, ಉದ್ದಿನ ಅಳತೆ ಬದಲಿಸಿದ್ದಾಯಿತು, ಒಂದು ಹಿಡಿ ಅವಲಕ್ಕಿ ಸೇರಿಸಿದ್ದಾಯಿತು, ಮೆಂತ್ಯ ಹೆಚ್ಚಿಸಿದ್ದಾಯಿತು, ಬೀಡಿನ ಕಾವಲಿ ತಂದು ವಾರಗಟ್ಟಲೆ ಪಳಗಿಸಿದ್ದೂ ಆಯಿತು. 2005ರಲ್ಲಿ ಇದೇ ಊರಿನಲ್ಲಿ ಶುರುವಾದ ಐಡಿ ಫ್ರೆಶ್ ಕಂಪನಿ ಪ್ಯಾಕೆಟ್ಟಿನಲ್ಲಿ ಹಿಟ್ಟು ಮಾರತೊಡಗಿ, ನೆನೆಹಾಕಿ ರುಬ್ಬುವ ಕೆಲಸವನ್ನೂ ಮನೆಯಿಂದಾಚೆಗೆ ಒಯ್ದಿತು. ಆದರೂ ಗಾಂಧಿಬಜಾರಿನಲ್ಲಿ, ಮಲ್ಲೇಶ್ವರದಲ್ಲಿ, ಶಂಕರಪುರದಲ್ಲಿ ಬೆಳಗಿನ ಸಾಲು ಕರಗಿಲ್ಲ.

ಇದಕ್ಕೆ ಜನ ಕೊಡುವ ಕಾರಣಗಳು ಗೊತ್ತಿರುವಂಥವೇ. ಸೋಡಾ ಹಾಕ್ತಾರೆ, ಬೆಣ್ಣೆ ಸುರೀತಾರೆ, ಭಟ್ಟರ ಕೈಯಲ್ಲಿ ಏನೋ ಗುಟ್ಟಿದೆ. ಬೆಣ್ಣೆಯ ಮಾತು ಸುಳ್ಳಲ್ಲ, ಕೈಗುಣವೂ ಸುಳ್ಳಲ್ಲ. ಆದರೆ ಈ ಊರಿನ ಹಳೆಯ ಹೋಟೆಲುಗಳಲ್ಲಿ ತಿನ್ನುತ್ತಾ, ತಿನ್ನುವಾಗ ಒಲೆಯ ಕಡೆಗೂ ಒಂದು ಕಣ್ಣಿಡುತ್ತಾ ಬಂದ ನನಗೆ ಮುಖ್ಯ ಕಾರಣ ಬೇರೆಯೇ ಅನ್ನಿಸಿದೆ. ಹೋಟೆಲ್ ದೋಸೆಯ ರುಚಿಯಲ್ಲಿ ದೊಡ್ಡ ಪಾಲು ಬಾಗಿಲಲ್ಲಿ ಕಾಯುತ್ತಾ ನಿಂತವರದು. ಅವರು ನಿಂತಿದ್ದಾರೆಂದೇ ಕಾವಲಿ ಆರುವುದಿಲ್ಲ, ಹಿಟ್ಟು ಹದ ಮೀರುವುದಿಲ್ಲ, ಚಟ್ನಿ ನೀರು ಬಿಡುವುದಿಲ್ಲ, ಡಿಕಾಕ್ಷನ್ ಕಾದು ಕಹಿಯಾಗುವುದಿಲ್ಲ.

ಕಾವಲಿಯಿಂದಲೇ ಶುರುಮಾಡೋಣ. ಜನ ತುಂಬಿದ ದೋಸೆ ಹೋಟೆಲಿನಲ್ಲಿ ಅದು ಉದ್ದನೆಯ ದಪ್ಪ ಕಬ್ಬಿಣದ ಹಲಗೆ. ಕೆಳಗೆ ಸಾಲು ಬರ್ನರುಗಳು. ಬೆಳಗಿನ ಜಾವ ಹೊತ್ತಿಸಿದ ಉರಿ ಬಾಗಿಲು ಹಾಕುವವರೆಗೂ ಪೂರ್ತಿ ಆರುವುದಿಲ್ಲ. ದೋಸೆ ಭಟ್ಟರು ಒಂದು ಸುತ್ತು ಎತ್ತಿದ ಕೂಡಲೇ ತಂಬಿಗೆಯಿಂದ ನೀರು ಚಿಮುಕಿಸಿ, ಕಡ್ಡಿಪೊರಕೆಯಿಂದ ಚರ್ರನೆ ಎಳೆದುಬಿಡುತ್ತಾರೆ. ನೋಡುವವರಿಗೆ ಅದು ಕಾವಲಿ ಗುಡಿಸುವ ಕೆಲಸ. ನಿಜಕ್ಕೂ ಅಲ್ಲಿ ನಡೆಯುವುದು ಕಾವಿನ ಲೆಕ್ಕಾಚಾರ. ಕಾದು ಹೊಗೆಯಾಡುವ ಕಬ್ಬಿಣದ ಮೇಲೆ ಹಿಟ್ಟು ಹುಯ್ದರೆ ಅದು ಬಿದ್ದಲ್ಲೇ ಕಚ್ಚಿಕೊಂಡು ಗಟ್ಟಿಯಾಗುತ್ತದೆ, ಸೌಟಿನ ಜೊತೆ ಉಂಡೆಯಾಗಿ ಎದ್ದು ಬರುತ್ತದೆ. ನೀರು ಆವಿಯಾಗುತ್ತಾ ಮೇಲ್ಮೈಯ ಕಾವನ್ನು ಒಂದು ಗಳಿಗೆ ಕೆಳಗಿಳಿಸುತ್ತದೆ. ಆ ಒಂದು ಗಳಿಗೆಯಲ್ಲೇ ಸೌಟಿನ ತಳದಿಂದ ಹಿಟ್ಟನ್ನು ಸುತ್ತುಸುತ್ತಾಗಿ ಹರಡಿ ಮುಗಿಸಬೇಕು. ಮುಗಿಸುವಷ್ಟರಲ್ಲಿ ಹಲಗೆಯ ಒಡಲಲ್ಲಿ ಕೂತಿದ್ದ ಶಾಖ ಮೇಲೆ ಬಂದು ದೋಸೆಯ ತಳವನ್ನು ಹಿಡಿದುಕೊಳ್ಳುತ್ತದೆ.

ಮನೆಯ ತೆಳು ಕಾವಲಿಗೆ ಈ ಒಡಲಿಲ್ಲ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹಿಟ್ಟು ಬಿದ್ದೊಡನೆ ಅದರ ಕಾವೆಲ್ಲ ಹಿಟ್ಟಿಗೇ ಹೋಗುತ್ತದೆ. ಮತ್ತೆ ಕಾದು ಮೇಲೇಳುವ ಹೊತ್ತಿಗೆ ದೋಸೆಯ ನೀರೆಲ್ಲ ಒಣಗಿ, ಬಣ್ಣ ಬರುವ ಮೊದಲೇ ಅದು ಹಪ್ಪಳದ ದಾರಿ ಹಿಡಿದಿರುತ್ತದೆ.

ಬಣ್ಣದ ವಿಷಯಕ್ಕೂ ಕಾರಣ ಇಲ್ಲೇ ಇದೆ. ಸುಮಾರು 140 ಡಿಗ್ರಿ ದಾಟಿದ ಮೇಲೆ ಹಿಟ್ಟಿನಲ್ಲಿರುವ ಸಕ್ಕರೆಯ ಅಂಶವೂ ಪ್ರೋಟೀನಿನ ತುಣುಕುಗಳೂ ಸೇರಿ ಕಂದು ಬಣ್ಣ ತಾಳುವುದು ಜೋರಾಗುತ್ತದೆ. ಹುರಿದ ಕಾಫಿ ಬೀಜದ, ಸುಟ್ಟ ಬ್ರೆಡ್ಡಿನ ಘಮಕ್ಕೂ ಇದೇ ಮೂಲ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಮೈಯಾರ್ ಹೆಸರೇ ಆ ಕ್ರಿಯೆಗೆ ಉಳಿದಿದೆ. ಹೊರಗೆ ಇಷ್ಟು ಕಾವು ತಾಗಬೇಕು, ಒಳಗೆ ಮಾತ್ರ ಹಿಟ್ಟಿನ ತೇವ ಉಳಿದು ಮೆತ್ತಗಿರಬೇಕು. ಗಾಂಧಿಬಜಾರಿನ ವಿದ್ಯಾರ್ಥಿ ಭವನದ ಮಸಾಲೆ ದೋಸೆಯನ್ನು ಮುರಿದು ನೋಡಿದರೆ ಎರಡೂ ಒಟ್ಟಿಗೆ ಸಿಗುತ್ತವೆ. ತಳ ಕಡುಕೆಂಪು, ಬೆರಳಿಗೆ ಟಪ್ಪೆಂದು ಒಡೆಯುತ್ತದೆ. ಪಲ್ಯಕ್ಕೆ ತಾಗಿದ ಒಳಮೈ ರಂಧ್ರರಂಧ್ರವಾಗಿ ಮೃದು. ಈಚಿನ ಕಾಗದದಂಥ ರೋಸ್ಟ್ ದೋಸೆಗಳಿಗಿಂತ ಇದು ದಪ್ಪ. ದಪ್ಪ ಇದ್ದರೇ ಒಳಗೆ ತೇವ ಉಳಿಯುವುದು. ತೆಳುವಾದಷ್ಟೂ ಒಳ್ಳೆಯ ದೋಸೆ ಎಂಬ ನಂಬಿಕೆ ಎಲ್ಲಿಂದ ಬಂತೋ, ನಾನು ಅದನ್ನು ಒಪ್ಪುವವನಲ್ಲ.

ವಿದ್ಯಾರ್ಥಿ ಭವನ 1943ರಲ್ಲಿ ಶುರುವಾದದ್ದು. ಮಾಸ್ತಿ, ಡಿ.ವಿ.ಜಿ. ಅವರಂಥ ಸಾಹಿತಿಗಳು ಓಡಾಡಿದ ಬೀದಿ ಅದು. ಇವತ್ತಿಗೂ ಅಲ್ಲಿ ಸಪ್ಲೈಯರ್ ಒಬ್ಬರು ತೋಳಿನುದ್ದಕ್ಕೂ ತಟ್ಟೆಯ ಮೇಲೆ ತಟ್ಟೆ ಜೋಡಿಸಿಕೊಂಡು ಬರುವುದನ್ನು ಜನ ಫೋಟೊ ತೆಗೆಯುತ್ತಾರೆ. ಅದು ತೋರಿಕೆಯ ಕಸರತ್ತಲ್ಲ. ಒಂದು ಕಾವಲಿ ಸುತ್ತಿಗೆ ಎದ್ದ ದೋಸೆಗಳೆಲ್ಲ ಒಂದೇ ನಡಿಗೆಯಲ್ಲಿ ಮೇಜು ಮುಟ್ಟಬೇಕು. ಎರಡನೇ ನಡಿಗೆಗೆ ಉಳಿದ ದೋಸೆ ಅಷ್ಟರಲ್ಲಿ ಬೆವರಿರುತ್ತದೆ. ಒಳಗಿನ ತೇವ, ಪಲ್ಯದ ಹಬೆ ನಿಧಾನವಾಗಿ ಗರಿಗರಿ ತಳಕ್ಕೆ ಇಳಿದರೆ ಕೆಲವೇ ನಿಮಿಷಗಳಲ್ಲಿ ಅದು ಬಾಗುವ ದೋಸೆಯಾಗುತ್ತದೆ. ಡಬ್ಬಿಯೊಳಗೆ ಹಾಕಿ ಮುಚ್ಚಿದರಂತೂ ಕೇಳುವುದೇ ಬೇಡ, ಹಬೆಗೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಆಪ್‌ನಲ್ಲಿ ಮಸಾಲೆ ದೋಸೆ ತರಿಸಿ ಹೋಟೆಲನ್ನು ಬೈಯುವವರಿಗೆ ಇದನ್ನು ಹೇಳಬೇಕೆನಿಸುತ್ತದೆ. ಆ ದೋಸೆ ಕಾವಲಿಯಿಂದ ಎದ್ದಾಗ ಚೆನ್ನಾಗಿಯೇ ಇತ್ತು.

ಇನ್ನು ಹಿಟ್ಟು. ಉದ್ದು ಅಂಟಂಟಾಗಿ ನುಣ್ಣಗೆ ರುಬ್ಬಿ ಬಂದಾಗ ಅದರ ಲೋಳೆ ಮತ್ತು ಪ್ರೋಟೀನು ಸೇರಿ ಗುಳ್ಳೆಗಳನ್ನು ಹಿಡಿದಿಡುವ ಬಲೆಯಾಗುತ್ತದೆ. ಧಾನ್ಯದ ಜೊತೆಯಲ್ಲೇ ಬಂದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ರಾತ್ರಿಯಿಡೀ ಕೆಲಸ ಮಾಡಿ ಹುಳಿಯನ್ನೂ ಗಾಳಿಯನ್ನೂ ಕೊಡುತ್ತವೆ. ಹಿಟ್ಟು ಉಬ್ಬಿ ಪಾತ್ರೆಯ ಅಂಚಿಗೆ ಬಂದು ನಿಂತು, ಇನ್ನೂ ಕುಸಿಯದ ಒಂದು ಹೊತ್ತಿದೆ. ದೋಸೆಗೆ ಅದೇ ಹದ. ಆ ಹೊತ್ತು ದಾಟಿದರೆ ಹುಳಿ ಏರುತ್ತದೆ, ಬಲೆ ಹರಿಯುತ್ತದೆ, ದೋಸೆ ಚಪ್ಪಟೆಯಾಗುತ್ತದೆ. ಮನೆಯಲ್ಲಿ ಅದೇ ಹಿಟ್ಟು ಸೋಮವಾರ ದೋಸೆ, ಮಂಗಳವಾರ ಊತಪ್ಪ, ಬುಧವಾರ ಪಡ್ಡು. ಜನಜಂಗುಳಿಯ ಹೋಟೆಲಿಗೆ ಆ ಅನುಕೂಲವೂ ಇಲ್ಲ, ಆ ಅಪಾಯವೂ ಇಲ್ಲ. ಬೇರೆ ಬೇರೆ ಹೊತ್ತಿನಲ್ಲಿ ರುಬ್ಬಿಟ್ಟ ಪಾತ್ರೆಗಳು ಒಂದರ ಹಿಂದೊಂದು ಹದಕ್ಕೆ ಬರುತ್ತಿರುತ್ತವೆ, ಬಂದದ್ದು ಬಂದಹಾಗೆ ಖಾಲಿಯಾಗುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಡಿಸೆಂಬರ್ ರಾತ್ರಿಗಳಲ್ಲಿ ಉಷ್ಣಾಂಶ 15-16 ಡಿಗ್ರಿಗೆ ಇಳಿಯುವುದು ಮಾಮೂಲು. ಉಡುಪಿ, ಕುಂದಾಪುರದ ಸೆಕೆಯಲ್ಲಿ ಒಂದೇ ರಾತ್ರಿಗೆ ಹುಳಿಯೇರುವ ಹಿಟ್ಟು ಇಲ್ಲಿ ಬೆಳಗಾದರೂ ಏಳದೆ ಮಲಗಿರುತ್ತದೆ. ಕರಾವಳಿಯಿಂದ ಘಟ್ಟ ಹತ್ತಿ ಬಂದು ಈ ಊರಿಗೆ ತಿಂಡಿ ಕಲಿಸಿದ ಭಟ್ಟರು, ಮಾಣಿಗಳು ಮೊದಲು ಈ ಚಳಿಗೆ ತಕ್ಕಂತೆ ತಮ್ಮ ಹಿಟ್ಟನ್ನು ಪಳಗಿಸಿಕೊಳ್ಳಬೇಕಾಯಿತು. ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬುವುದು, ಒಲೆಯ ಪಕ್ಕ ಪಾತ್ರೆ ಇಡುವುದು, ಹಳೇ ಹಿಟ್ಟಿನ ಒಂದು ಸೌಟು ಬೆರೆಸುವುದು ಇವೆಲ್ಲ ಚಳಿಗೆ ಹೂಡುವ ಉಪಾಯಗಳು. ಇದು ಯಾವ ಪುಸ್ತಕದಲ್ಲೂ ಬರೆದಿಟ್ಟುಕೊಳ್ಳುವ ವಿದ್ಯೆ ಅಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಪಾತ್ರೆಗೆ ಕೈಹಾಕಿ ನೋಡುವವರ ವಿದ್ಯೆ.

ಒಂದು ಹೋಟೆಲು ಎಷ್ಟು ಬಗೆಯ ತಿಂಡಿ ಮಾಡಬೇಕು? ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಈ ಪ್ರಶ್ನೆಗೆ ಕೊಡುತ್ತಾ ಬಂದ ಉತ್ತರ ಬಹಳ ಚಿಕ್ಕದು: ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ದೋಸೆ ಇಲ್ಲ. ಸಾಂಬಾರ್ ಕೂಡ ಇಲ್ಲ. "ಸಾಂಬಾರ್ ಡಿಪ್ಪಾ, ಸಪರೇಟಾ?" ಎಂದು ಕೇಳಿಸಿಕೊಂಡು ಬೆಳೆದ ಊರಿನಲ್ಲಿ ಸಾಂಬಾರಿಲ್ಲದ ಇಡ್ಲಿ ಹೋಟೆಲು ಇಷ್ಟು ವರ್ಷ ನಡೆದಿದೆ ಎಂದರೆ ಅದಕ್ಕೆ ಅಲ್ಲಿನ ಚಟ್ನಿಯೇ ಕಾರಣ. ತೆಂಗಿನಕಾಯಿ ತುರಿದ ಗಳಿಗೆಯಿಂದಲೇ ಕೆಡಲು ಶುರುವಾಗುವ ಪದಾರ್ಥ. ರುಬ್ಬಿದ ಹಸಿ ಚಟ್ನಿ ಒಂದೆರಡು ಗಂಟೆಯಲ್ಲಿ ಘಮ ಕಳೆದುಕೊಳ್ಳುತ್ತದೆ, ಆಮೇಲೆ ಹುಳಿ ವಾಸನೆ. ಫುಟ್‌ಪಾತಿನ ಮೇಲೆ ತಟ್ಟೆ ಹಿಡಿದು ನಿಂತವರು ಮತ್ತೆ ಮತ್ತೆ ಹೋಗಿ ಚಟ್ನಿ ಹಾಕಿಸಿಕೊಳ್ಳುತ್ತಾರೆ, ಪಾತ್ರೆ ಖಾಲಿಯಾಗುತ್ತದೆ, ಹೊಸದು ಬರುತ್ತದೆ. ಇಡ್ಲಿಯೂ ಒಬ್ಬೆಯ ಮೇಲೆ ಒಬ್ಬೆ ಇಳಿಯುತ್ತಲೇ ಇರಬೇಕು. ಹಬೆಯಿಂದ ತೆಗೆದ ಇಡ್ಲಿ ಮೊದಲ ಕೆಲವು ನಿಮಿಷ ಇರುವ ಹಾಗೆ ಆಮೇಲೆ ಇರುವುದಿಲ್ಲ, ಆರುತ್ತಾ ಅಕ್ಕಿಯ ಪಿಷ್ಟ ಮತ್ತೆ ಗಟ್ಟಿಗೊಳ್ಳುತ್ತದೆ. ಹಾಟ್‌ಕೇಸಿನಲ್ಲಿಟ್ಟರೆ ಬಿಸಿ ಉಳಿದೀತು, ಆ ಮೊದಲಿನ ಮೆದು ಉಳಿಯದು.

ಚೌಚೌ ಬಾತ್‌ನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಒಂದೇ ತಟ್ಟೆಯಲ್ಲಿ ಪಕ್ಕಪಕ್ಕ ಖಾರಾಬಾತ್, ಕೇಸರಿಬಾತ್. ಎರಡಕ್ಕೂ ಅದೇ ರವೆ, ಅದೇ ತುಪ್ಪ. ಖಾರದ ಒಂದು ತುತ್ತಿನ ಮೇಲೆ ಸಿಹಿಯ ಅರ್ಧ ತುತ್ತು, ನಡುವೆ ಗೋಡಂಬಿ ಚೂರು. ಬೇರೆ ಊರಿನವರು ಇದನ್ನು ಕಂಡು ಹುಬ್ಬೇರಿಸುವುದುಂಟು. ರವೆಯನ್ನು ತುಪ್ಪದಲ್ಲಿ ಬಣ್ಣ ತಿರುಗದಂತೆ, ಆದರೆ ಹಸಿ ವಾಸನೆ ಪೂರ್ತಿ ಹೋಗುವಂತೆ ಹುರಿಯುವುದರಲ್ಲೇ ಅದರ ಮರ್ಮವಿದೆ. ಇದು ಬಿಸಿಬಿಸಿ ಇರುವಾಗಲೇ ತಿನ್ನಬೇಕಾದದ್ದು, ಆರಿದರೆ ಗೋಡೆಗೆ ಬಳಿಯುವ ಗಾರೆಯಂತಾಗುತ್ತದೆ.

ಕಾಫಿಯದೂ ಇದೇ ನ್ಯಾಯ. ಚಿಕ್ಕಮಗಳೂರು, ಕೊಡಗಿನ ಬೀಜದ ಪುಡಿಗೆ ಒಂದಿಷ್ಟು ಚಿಕೋರಿ ಸೇರಿ ಗಟ್ಟಿ ಡಿಕಾಕ್ಷನ್ ಇಳಿಯುತ್ತದೆ. ಇಳಿದ ಕೂಡಲೇ ಅದರ ಪರಿಮಳ ಹಾರಿಹೋಗಲು ತೊಡಗುತ್ತದೆ. ಅದನ್ನು ಮತ್ತೆ ಕಾಯಿಸಿದರೆ ಕಹಿಯಷ್ಟೇ ಉಳಿಯುತ್ತದೆ. ಹಾಲೂ ಅಷ್ಟೆ, ಸಣ್ಣ ಉರಿಯ ಮೇಲೆ ಗಂಟೆಗಟ್ಟಲೆ ಕೂತ ಹಾಲಿಗೆ ಒಂದು ಬೇಯಿಸಿದ ವಾಸನೆ ಬಂದುಬಿಡುತ್ತದೆ. ಇಬ್ಬರು ಬಂದು "ಬೈ ಟು" ಹೇಳಿ ಅರ್ಧರ್ಧ ಲೋಟ ಕುಡಿದು ಹೋಗುವುದು ಬೆಂಗಳೂರಿನ ಹಳೇ ಪದ್ಧತಿ. ದುಡ್ಡು ಉಳಿಸುವ ದಾರಿ ಎನ್ನುತ್ತಾರೆ. ಮೊದಲ ನಾಲ್ಕು ಗುಟುಕಿನಲ್ಲೇ ಕಾಫಿಯ ಒಳ್ಳೆಯದೆಲ್ಲ ಇರುತ್ತದೆ ಎಂಬ ತಿಳಿವಳಿಕೆಯೂ ಅದರಲ್ಲಿದೆ ಎಂದು ನನ್ನ ನಂಬಿಕೆ.

ಈ ಪದ್ಧತಿಗಳೆಲ್ಲ ತಾವಾಗಿ ಬೆಳೆದವಲ್ಲ, ಬೆಳೆಸಿದವರಿದ್ದಾರೆ. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಲಾಲ್‌ಬಾಗಿನ ಬಳಿ ಒಂದು ಕಾಫಿ ಕ್ಲಬ್ ತೆರೆದರು. ಮುಂದೆ ಅದೇ ಮಾವಳ್ಳಿ ಟಿಫನ್ ರೂಮ್ಸ್, ಅಂದರೆ ಎಂಟಿಆರ್ ಆಯಿತು. ಸಹೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಸುತ್ತಿ ಅಲ್ಲಿನ ಹೋಟೆಲುಗಳ ಶುಚಿತ್ವ ಕಂಡು ಬಂದರು. ಬಂದವರು ತಟ್ಟೆ ಲೋಟಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಏರ್ಪಾಡು ಮಾಡಿದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ಕಾಣುವಂತಾಯಿತು. ತಾನು ತಿನ್ನುವುದು ಎಲ್ಲಿ ಬೇಯುತ್ತಿದೆ ಎಂದು ನೋಡುವ ಹಕ್ಕು ತಿನ್ನುವವನಿಗಿದೆ ಎಂದು ಒಪ್ಪಿಕೊಂಡದ್ದು ಆ ಕಾಲಕ್ಕೆ ದೊಡ್ಡ ಮಾತು. ಈಗಲೂ ದೊಡ್ಡ ಮಾತೇ.

ರವೆ ಇಡ್ಲಿ ತಮ್ಮಲ್ಲೇ ಹುಟ್ಟಿದ್ದು ಎಂದು ಎಂಟಿಆರ್‌ನವರು ಹೇಳುತ್ತಾ ಬಂದಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಜಪಾನಿನ ಕೈಸೇರಿ ಅಲ್ಲಿನ ಅಕ್ಕಿ ನಿಂತಿತು. ಅಕ್ಕಿಯಿಲ್ಲದೆ ಇಡ್ಲಿ ಹೇಗೆ? ರವೆ ಹುರಿದು, ಮೊಸರಿನಲ್ಲಿ ಕಲಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟು, ಸೋಡಾದ ಉಬ್ಬಿನಲ್ಲಿ ಬೇಯಿಸಿದರು. ಮೇಲೆ ಒಂದು ಗೋಡಂಬಿ, ಪಕ್ಕದಲ್ಲಿ ಆಲೂಗಡ್ಡೆ ಸಾಗು, ಒಂದು ಪುಟ್ಟ ಬಟ್ಟಲು ಕರಗಿದ ತುಪ್ಪ. ಬರಗಾಲದ ತಿಂಡಿ ಹಬ್ಬದ ತಿಂಡಿಯಾಗಿ ಉಳಿಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ಕಟ್ಟಿದ ಬೆಲೆಯಲ್ಲಿ ಹಳೇ ಗುಣಮಟ್ಟ ಉಳಿಸಿಕೊಳ್ಳಲಾಗದೆ ಹೋಟೆಲು ಬಾಗಿಲು ಹಾಕಬೇಕಾಯಿತು. ಪುಡಿ, ಮಿಕ್ಸ್‌ಗಳ ವ್ಯಾಪಾರ ಆಗ ಬೆಳೆಯಿತು. ಹೋಟೆಲು ಮತ್ತೆ ತೆರೆದದ್ದು 1980ರ ದಶಕದಲ್ಲಿ. ತುಪ್ಪ ಕಡಿಮೆ ಮಾಡಿಯೋ ಬೇಳೆ ತೆಳುವಾಗಿಸಿಯೋ ನಡೆಸಿಕೊಂಡು ಹೋಗುವ ಬದಲು ಮುಚ್ಚುವುದೇ ಮೇಲು ಎಂದುಕೊಂಡವರ ಬಗ್ಗೆ ನನಗೆ ಗೌರವವಿದೆ.

1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಂತು. ಆ ಮಾದರಿಗೆ ರೂಪ ಕೊಟ್ಟವರು ಆರ್. ಪ್ರಭಾಕರ್. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ. ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ತಗೋ, ಕೌಂಟರಿನಲ್ಲಿ ಕೊಡು, ಎದೆಮಟ್ಟದ ದುಂಡು ಮೇಜಿನ ಮೇಲೆ ತಟ್ಟೆ ಇಟ್ಟು ನಿಂತು ತಿನ್ನು. ಕೆಲವೇ ವರ್ಷಗಳಲ್ಲಿ ಬಡಾವಣೆಗೊಂದು ದರ್ಶಿನಿ ಆಯಿತು. ನಿಂತು ತಿನ್ನುವವರು ಬೇಗ ಜಾಗ ಬಿಡುತ್ತಾರೆ, ಹೀಗಾಗಿ ಸಣ್ಣ ಮಳಿಗೆಯಲ್ಲೂ ಕಾವಲಿ ಆರುವುದಿಲ್ಲ, ಬೆಲೆಯೂ ಕೈಗೆಟುಕುತ್ತದೆ. ಆಟೊ ಓಡಿಸುವವರು, ಬ್ಯಾಂಕಿನವರು, ಕಾಲೇಜು ಹುಡುಗಿಯರು ಒಂದೇ ದುಂಡು ಮೇಜಿನ ಸುತ್ತ ನಿಂತು ತಿನ್ನುವಂತಾದದ್ದೂ ಇದರಿಂದಲೇ.

ಮಾಂಸದಡುಗೆಯ ಮಿಲಿಟರಿ ಹೋಟೆಲುಗಳ ಲೆಕ್ಕ ಸ್ವಲ್ಪ ಬೇರೆ. ದೋಸೆಗೆ ನಿರಂತರ ಕಾವು ಬೇಕಾದರೆ, ದೊನ್ನೆ ಬಿರಿಯಾನಿಗೆ ಒಂದು ದೊಡ್ಡ ಹಂಡೆಯ ತಾಳ್ಮೆ ಬೇಕು. ಉದ್ದನೆಯ ಅಕ್ಕಿಯ ಬದಲು ಜೀರಿಗೆಯಷ್ಟೇ ಸಣ್ಣ ಅಕ್ಕಿ, ಪುದೀನ, ಕೊತ್ತಂಬರಿ, ಹಸಿಮೆಣಸಿನಕಾಯಿಯ ಹಸಿರು ಮಸಾಲೆ. ಮಾಂಸ ಬೆಂದ ಅದೇ ರಸದಲ್ಲಿ ಅಕ್ಕಿ ಬೇಯುತ್ತದೆ, ಪದರಪದರವಾಗಿ ಹಾಕುವುದಿಲ್ಲ. ಸಣ್ಣ ಅಕ್ಕಿ ರಸವನ್ನು ಚೆನ್ನಾಗಿ ಕುಡಿದು ಬಿಡಿಬಿಡಿಯಾಗಿಯೂ ಉಳಿಯುತ್ತದೆ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನ ಮುಂದೆ ಮಧ್ಯಾಹ್ನ ಸೇರುವ ಜನಕ್ಕೆ ಗೊತ್ತು, ಹಂಡೆ ಖಾಲಿಯಾದರೆ ಆಯಿತು. ಮತ್ತೊಂದು ಹಂಡೆ ಆತುರದಲ್ಲಿ ಏರಿಸುವ ವಸ್ತುವಲ್ಲ. "ಮುಗೀತು" ಎನ್ನುವ ಹೋಟೆಲಿನ ಮೇಲೆ ನನಗೆ ನಂಬಿಕೆ ಹೆಚ್ಚು. ಅಲ್ಲಿ ನಿನ್ನೆಯದು ಇವತ್ತಿಗೆ ಉಳಿದಿರುವುದಿಲ್ಲ.

ಇದಕ್ಕೆ ವಿರುದ್ಧವಾದ ಅನುಭವ ಎಲ್ಲರಿಗೂ ಆಗಿರುತ್ತದೆ. ಈಚೆಗೆ ಹೊಸ ಬಡಾವಣೆಯೊಂದರ ದೊಡ್ಡ ಹೋಟೆಲಿನಲ್ಲಿ ಪುಟಗಟ್ಟಲೆ ಮೆನು ತಿರುಗಿಸಿ, ಮನೆಮಂದಿಯೆಲ್ಲ ಬೇರೆ ಬೇರೆ ಹೆಸರಿನ ಪಲ್ಯ, ಕೂರ್ಮಾ ಹೇಳಿದೆವು. ಬಂದ ಬಟ್ಟಲುಗಳ ಬಣ್ಣ ಬೇರೆ ಬೇರೆ, ನಾಲಿಗೆಗೆ ಎಲ್ಲವೂ ಒಂದೇ. ಅಷ್ಟು ಬಗೆ ಮಾಡಬೇಕೆಂದರೆ ಬೇರೆ ದಾರಿ ಇಲ್ಲ. ಈರುಳ್ಳಿ, ಟೊಮೆಟೊದ ಒಂದು ಕೆಂಪು ಗೊಜ್ಜು, ಗೋಡಂಬಿಯ ಒಂದು ಬಿಳಿ ಗೊಜ್ಜು ಮೊದಲೇ ಮಾಡಿ ಫ್ರಿಜ್ಜಿನಲ್ಲಿಟ್ಟು, ಕೇಳಿದಾಗ ತರಕಾರಿಯೋ ಪನ್ನೀರೋ ಸೇರಿಸಿ ಬಿಸಿಮಾಡುವುದು. ಅಡುಗೆಯವರ ತಪ್ಪು ಇದರಲ್ಲಿಲ್ಲ. ಯಾವ ತಿಂಡಿಗೆ ದಿನಕ್ಕೆ ನಾಲ್ಕೇ ಗಿರಾಕಿಗಳೋ ಅದು ತಾಜಾ ಇರಲು ಸಾಧ್ಯವಿಲ್ಲ. ನಾವು ಆಯ್ಕೆ ಹೆಚ್ಚಿದ್ದರೆ ಒಳ್ಳೆಯದು ಎಂದುಕೊಂಡು ಹೋಗುತ್ತೇವೆ, ಹೋಟೆಲು ನಮ್ಮ ಆಸೆಗೆ ತಕ್ಕ ಪುಸ್ತಕ ಅಚ್ಚುಹಾಕಿಸುತ್ತದೆ.

ಸಾಲಿನಿಂದ ರುಚಿ ಬರುತ್ತದೆ ಎನ್ನುವಾಗ ಆ ಸಾಲನ್ನು ಹೊತ್ತವರನ್ನೂ ನೆನೆಯಬೇಕು. ಕಾವಲಿಯ ಮುಂದೆ ಗಂಟೆಗಟ್ಟಲೆ ನಿಂತವರ ಮುಂಗೈ, ಮುಖ ಎರಡೂ ಸುಡುತ್ತಿರುತ್ತವೆ. ಹಳೇ ಹೋಟೆಲುಗಳಲ್ಲಿ ಕೆಲವು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಎಂಟಿಆರ್‌ಗೆ ಸೋಮವಾರ ರಜೆ. ದೂರದಿಂದ ಬಂದು ಮುಚ್ಚಿದ ಬಾಗಿಲು ಕಂಡವರಿಗೆ ಬೇಸರವಾಗುವುದು ಸಹಜ. ಆದರೆ ಆ ಬಿಡುವಿನಲ್ಲೇ ಕಾವಲಿ ಉಜ್ಜುತ್ತಾರೆ, ಸಂಜೆಯ ಪಲ್ಯಕ್ಕೆ ಆಲೂಗಡ್ಡೆ ಬೇಯುತ್ತದೆ, ಬೆಳಗ್ಗೆ ನಾಲ್ಕಕ್ಕೆ ಎದ್ದವರು ಬೆನ್ನು ನೆಲಕ್ಕೆ ತಾಗಿಸುತ್ತಾರೆ. ಇಪ್ಪತ್ತನಾಲ್ಕು ಗಂಟೆ ತೆರೆದಿರುವ ದೋಸೆ ಹೋಟೆಲು ಊರಿಗೆ ಬೇಕು ಎಂದು ನನಗೆ ಅನ್ನಿಸುವುದಿಲ್ಲ.

ಹಾಗಾದರೆ ಯಾವಾಗ ಹೋಗಬೇಕು? ಬಾಗಿಲು ತೆರೆದ ಗಳಿಗೆಗೆ ಹೋದರೆ ಸಾಲು ಇರುವುದಿಲ್ಲ ಎಂದು ಲೆಕ್ಕ ಹಾಕುವವರಿದ್ದಾರೆ. ದೋಸೆಗೆ ಅದು ಸರಿಯಾದ ಹೊತ್ತಲ್ಲ, ಕಾವಲಿ ಇನ್ನೂ ಸಮ ಕಾದಿರುವುದಿಲ್ಲ, ಮೊದಲ ಸುತ್ತುಗಳಲ್ಲಿ ಭಟ್ಟರು ಉರಿಯ ಅಂದಾಜು ಹಿಡಿಯುತ್ತಿರುತ್ತಾರೆ. ತೆರೆದು ಒಂದು ಗಂಟೆಯಾದ ಮೇಲೆ, ಜನ ತುಂಬಿ ಹರಿಯುವಾಗ ಹೋಗಿ. ಇಡ್ಲಿಗೆ ಮಾತ್ರ ಬೆಳಗಿನ ಮೊದಲ ಒಬ್ಬೆಯೇ ಚೆಂದ. ಕುಳಿತಾಗ ಎದುರು ಅಪರಿಚಿತರು ಬಂದು ಕೂತರೆ ಜಾಗ ಕೊಡಿ. ತಿಂದ ಮೇಲೆ ಕಾಫಿ ಕುಡಿದು ಎದ್ದುಬಿಡಿ, ನಿಮ್ಮ ಕುರ್ಚಿ ಹಿಡಿದು ನಿಂತವರ ದೋಸೆ ಆಗಲೇ ಕಾವಲಿಯ ಮೇಲಿದೆ.

ಡಿಸೆಂಬರ್ ಬಂತೆಂದರೆ ಇನ್ನೊಂದು ಕಡೆಗೂ ಹೋಗಬೇಕು, ವಿ.ವಿ. ಪುರದ ಸಜ್ಜನ್ ರಾವ್ ಸರ್ಕಲ್ಲಿನ ತಿಂಡಿ ಬೀದಿಗೆ. ಮಾಗಡಿ ಕಡೆಯ ಸೊಗಡವರೆ ಊರಿಗೆ ಬರುವ ಕಾಲ ಅದು. ನೆನೆಸಿ, ಸಿಪ್ಪೆ ಹಿಚುಕಿ ತೆಗೆದ ಹಿತಕಿದಬೇಳೆಯನ್ನು ದೋಸೆಯ ಮೇಲೆ ಉದುರಿಸುತ್ತಾರೆ, ಅಕ್ಕಿರೊಟ್ಟಿಗೆ ತಟ್ಟುತ್ತಾರೆ, ಉಪ್ಪಿಟ್ಟಿಗೆ ಹಾಕುತ್ತಾರೆ, ಹೋಳಿಗೆಗೂ ತುಂಬುತ್ತಾರೆ. ಅವರೆಬೇಳೆ ಮೇಳವೂ ಈ ಹೊತ್ತಿಗೇ ನಡೆಯುತ್ತದೆ. ಇಬ್ಬನಿ ಬೀಳುವ ದಿನಗಳಲ್ಲಿ ಕಾಯಿಗೆ ಸೊಗಡು ಹೆಚ್ಚು. ಸಂಕ್ರಾಂತಿ ಕಳೆದು ಬಿಸಿಲು ಏರಿದಂತೆ ಕಾಯಿ ಬಲಿಯುತ್ತದೆ, ಸೊಗಡು ಇಳಿಯುತ್ತದೆ. ಹೋಗುವವರು ಅದಕ್ಕೆ ಮೊದಲೇ, ಸಂಜೆ ಏಳರ ಜನಸಂದಣಿಯ ಹೊತ್ತಿಗೇ ಹೋಗುವುದು ಒಳ್ಳೆಯದು.